ಬೀದಿಗೆ ಮೂತಿ ತಿರುಗಿಸಿದ ಎಕ್ಕಡ

ಇವತ್ತು ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತೇನೆ, ನನ್ನ ಚಪ್ಪಲಿಗಳು ಬೀದಿಗೆ ಮುಖ ಮಾಡಿಕೊಂಡು ನಿಂತಿವೆ. ಎದೆ ಧಸಕ್ಕೆಂದಿತು. ನೀವು ನಗಬಹುದು. ಚಪ್ಪಲಿ ಎತ್ತ ನೋಡಿದರೇನು, ಕಾಲಿಗೆ ಹತ್ತಿದರೆ ಸಾಕಲ್ಲ ಎನ್ನಬಹುದು. ಹಾಗೆನ್ನುವವರು ನಮ್ಮಜ್ಜಿಯ ಕೈಗೆ ಸಿಕ್ಕಿದವರಲ್ಲ. ನಿನ್ನೆ ಸಂಜೆ ಗುಡಿಯಿಂದ ಬಂದು ಹೊಸ್ತಿಲಾಚೆ ಬಿಟ್ಟಾಗ ಅವು ಬಾಗಿಲನ್ನೇ ನೋಡುತ್ತಿದ್ದವು. ನಾನು ಬಿಡುವುದೇ ಹಾಗೆ. ಬೆಳಗಾಗುವಷ್ಟರಲ್ಲಿ ಯಾರೋ ತಿರುಗಿಸಿದ್ದಾರೆ. ಮಗ ಇನ್ನೂ ಎದ್ದಿಲ್ಲ. ಮೊಮ್ಮಗನೋ, ಚಪ್ಪಲಿಯನ್ನು ಒದ್ದಾನೇ ಹೊರತು ತಿರುಗಿಸಿಡುವ ಪೈಕಿಯಲ್ಲ. ಉಳಿದವಳು ಸೊಸೆ ನಿರ್ಮಲ.

ನಿರ್ಮಲಗೂ ನನಗೂ ನಿನ್ನೆ ಒಂದು ಸಣ್ಣ ಯುದ್ಧ ನಡೆದಿತ್ತು. ಅವಳು ಪೇಟೆಯಿಂದ ಕಬ್ಬಿಣದ ಚಪ್ಪಲಿ ಸ್ಟ್ಯಾಂಡು ತಂದು ಬಾಗಿಲ ಪಕ್ಕ ನಿಲ್ಲಿಸಿ, ಇನ್ನು ಮೇಲೆ ಎಲ್ಲರೂ ಇದರಲ್ಲೇ ಇಡಬೇಕು ಎಂದು ಸಾರಿದಳು. ನನಗೆ ಕೊಟ್ಟದ್ದು ಎಲ್ಲಕ್ಕಿಂತ ಕೆಳಗಿನ ಸಾಲು. ನಾನು ಇಡುವುದಿಲ್ಲ ಎಂದೆ. ಚಪ್ಪಲಿಗೆ ಸಿಂಹಾಸನ ಬೇರೆ ಕೇಡು, ನಮ್ಮ ಕಾಲದಲ್ಲಿ ಅದು ನೆಲದ ಮೇಲೇ ಮರ್ಯಾದೆಯಾಗಿ ಇರುತ್ತಿತ್ತು ಎಂದು ದೊಡ್ಡ ಭಾಷಣ ಬಿಗಿದೆ. ನಿಜವಾದ ಕಾರಣ ಬೇರೆ. ಯುಗಾದಿಯಿಂದೀಚೆಗೆ ನನ್ನ ಬಲಮಂಡಿ ಬಗ್ಗುವುದಕ್ಕೆ ಒಪ್ಪುತ್ತಿಲ್ಲ. ಹೇಳಿದರೆ ಆಸ್ಪತ್ರೆ, ಎಕ್ಸ್‌ರೇ, ಉಪ್ಪು ಬಿಡು, ಹುಳಿ ಬಿಡು ಎಂದು ಶುರುವಾಗುತ್ತದೆ. ಆದ್ದರಿಂದ ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.

ನಮ್ಮ ವಂಶದಲ್ಲಿ ಬೀದಿಗೆ ಮುಖ ಮಾಡಿದ ಚಪ್ಪಲಿಗೆ ಎರಡು ಅರ್ಥ. ಒಂದು ನಮ್ಮಜ್ಜಿ ಹೇಳಿದ್ದು: ಇಲ್ಲಿಂದ ಹೊರಡುವವರ ಚಪ್ಪಲಿ ಅದು. ಇನ್ನೊಂದು ಆಮೇಲೆ ಸೇರಿದ್ದು, ಅದು ಸೇರಿದ ದಿನ ನನ್ನ ಹಣೆಬರಹ ಪೂರ್ತಿ ಜಗಲಿಯ ಕೆಳಗೆ ಬಿದ್ದಿತ್ತು. ನಿರ್ಮಲ ಯಾವ ಅರ್ಥದಲ್ಲಿ ತಿರುಗಿಸಿದ್ದಾಳೋ ಗೊತ್ತಿಲ್ಲ. ನಿನ್ನೆಯ ಭಾಷಣ ನೆನೆದರೆ ಮೊದಲನೆಯದೇ ಇರಬೇಕು ಅನ್ನಿಸುತ್ತದೆ. ಒಳಗೆ ಹೋಗಿ ಕೇಳುವ ಮೊದಲು ಇಲ್ಲೇ ಕಟ್ಟೆಯ ಮೇಲೆ ಕೂತು ನಿಮಗೆ ಆ ಕಥೆ ಹೇಳಿಬಿಡುತ್ತೇನೆ. ಕೋಪ ಆರುವುದಕ್ಕೂ ಸಮಯ ಬೇಕಲ್ಲ.

ಐವತ್ತರ ದಶಕದ ಮಾತು. ನನ್ನ ತವರು ಗಾವಡಗೆರೆ. ಆಗ ನಮ್ಮ ಮನೆಯಲ್ಲಿ ಚಪ್ಪಲಿ ಎಂಬ ಮಾತೇ ಇರಲಿಲ್ಲ. ಸ್ವಾಮಿಗಳು ಮೆಟ್ಟಿದರೆ ಅದು ಪಾದುಕೆ, ಅಮಲ್ದಾರರು ಮೆಟ್ಟಿದರೆ ಬೂಟು, ಪೇಟೆಯ ಮೇಷ್ಟರು ಮೆಟ್ಟಿದರೆ ಚಪ್ಪಲಿ, ನಮ್ಮಪ್ಪ ಮೆಟ್ಟಿದರೆ ಎಕ್ಕಡ. ಹೆಂಗಸರು ಏನನ್ನೂ ಮೆಟ್ಟುತ್ತಿರಲಿಲ್ಲವಾದ್ದರಿಂದ ನಮಗೆ ಹೆಸರಿನ ತೊಂದರೆಯಿರಲಿಲ್ಲ. ಹೊಸ ಎಕ್ಕಡ ಬಂದರೆ ಅದಕ್ಕೆ ಹರಳೆಣ್ಣೆ ಕುಡಿಸಿ ಬಿಸಿಲಿಗಿಡುತ್ತಿದ್ದರು. ಅಪ್ಪ ಅದನ್ನು ಮೆಟ್ಟಿ ಕಿರ್ರು ಕಿರ್ರೆನ್ನಿಸುತ್ತ ಸಂತೆಯಿಂದ ಬರುತ್ತಿದ್ದರೆ ಸದ್ದು ಬೀದಿಯ ತುದಿಯಲ್ಲೇ ಕೇಳಿ ಅವ್ವ ಒಲೆಗೆ ಸೌದೆ ನೂಕುತ್ತಿದ್ದಳು. ಆ ಸದ್ದು ಜಗಲಿಯ ಮೆಟ್ಟಿಲಲ್ಲಿ ನಿಲ್ಲಬೇಕು. ನಿಂತ ಮೇಲೆ ಚೊಂಬಿನ ನೀರು ಕಾಲಿನ ಮೇಲೆ ಬೀಳುವ ಸದ್ದು. ಅದಾದ ಮೇಲೆಯೇ ಅಪ್ಪ ಮನೆಗೆ ಬಂದ ಹಾಗೆ.

ಆ ಮೆಟ್ಟಿಲಿನ ಒಡತಿ ನಮ್ಮಜ್ಜಿ, ಅಪ್ಪನ ತಾಯಿ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಉಳಿದದ್ದು ಕೆಲವೇ ಹಲ್ಲು, ಕಣ್ಣು ಮಾತ್ರ ಗಿಡುಗನದು. ಬಾಗಿಲ ಪಕ್ಕದ ಕಂಬಕ್ಕೆ ಒರಗಿ ದೀಪದ ಬತ್ತಿ ಹೊಸೆಯುತ್ತ ಕೂತರೆ ಅವಳ ದೃಷ್ಟಿಯೆಲ್ಲ ಜಗಲಿಯ ಕೆಳಗೇ. ಬಂದವರ ಮುಖ ನೋಡುತ್ತಿರಲಿಲ್ಲ, ಎಕ್ಕಡ ನೋಡುತ್ತಿದ್ದಳು. ಮುಖವನ್ನು ಮನೆಯಲ್ಲೇ ತೊಳೆದು ಸರಿಮಾಡಿಕೊಂಡು ಬರುತ್ತಾರೆ, ಎಕ್ಕಡವನ್ನು ಯಾರೂ ತಿದ್ದಿಕೊಂಡು ಬರುವುದಿಲ್ಲ ಎಂಬುದು ಅವಳ ವಾದ. ಬಾಗಿಲ ಕಡೆಗೆ ಮೂತಿ ಮಾಡಿ ಎಕ್ಕಡ ಬಿಟ್ಟವನು ಇರುವುದಕ್ಕೆ ಬಂದವನು, ಅವನನ್ನು ನಂಬಬಹುದು, ಊಟಕ್ಕೂ ಏಳಿಸಬಹುದು. ಬಿಟ್ಟ ಮೇಲೆ ಬೀದಿಗೆ ಮೂತಿ ತಿರುಗಿಸಿಡುವವನು ಬರುವಾಗಲೇ ಹೋಗುವ ಯೋಚನೆ ಮಾಡಿಕೊಂಡು ಬಂದವನು. ಒಂದು ಜೋಡು ಅಲ್ಲೊಂದು ಇಲ್ಲೊಂದು ಬಿದ್ದಿದ್ದರೆ ಅವನ ಮಾತೂ ಹಾಗೇ. ಮಗುಚಿ ಬಿದ್ದಿದ್ದರಂತೂ ಜಗಳಗಂಟ, ಬಾಯಿ ಬಿಚ್ಚುವ ಮೊದಲೇ ಸಾಗಹಾಕಬೇಕು.

ಒಂದು ಸಲ ತಾಲ್ಲೂಕು ಕಚೇರಿಯಿಂದ ಬಂದ ಗುಮಾಸ್ತರೊಬ್ಬರು ಬೂಟಿನ ದಾರ ಬಿಚ್ಚುವ ಸೋಮಾರಿತನಕ್ಕೆ ಹಾಗೆಯೇ ಹೊಸ್ತಿಲು ದಾಟಲು ಕಾಲೆತ್ತಿದರು. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ಒಳಗಿದ್ದ ಅವ್ವನಿಗೆ, “ಸಾಯೇಬ್ರ ಬೂಟು ಕಾಲ್ಗೇ ಬೆಳ್ಕಂಡದೆ ಕಣವ್ವ, ಕಾಪೀನ ಈಚೆಗೇ ತತ್ತಾ,” ಅಂದಳು. ಎತ್ತಿದ ಕಾಲು ಹಾಗೇ ಕೆಳಗಿಳಿಯಿತು. ಪಾಪ, ಅವರು ಜಗಲಿಯ ಮೇಲೇ ಕೂತು ಬೆಲ್ಲದ ಕಾಫಿ ಕುಡಿದು, ನಮ್ಮ ಕೆಲಸವನ್ನೂ ಮಾಡಿಕೊಟ್ಟು ಹೋದರು.

ಅಜ್ಜಿಯ ಕಣ್ಣು ಬೀಳದ ಎಕ್ಕಡವೂ ಒಂದಿತ್ತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಮನೆಯವರಿಗೆಲ್ಲ ಎಕ್ಕಡ ಹೊಲಿದುಕೊಡುತ್ತಿದ್ದವನು ನಮ್ಮ ಬೀದಿಗೆ ಬಂದಾಗ ತನ್ನದನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದ. ಅವನ ಪಾಲಿಗೆ ಹೊಸ್ತಿಲು ಬೀದಿಯ ತುದಿಯಲ್ಲೇ ಶುರುವಾಗುತ್ತಿತ್ತು. ಊರ ಎಕ್ಕಡಗಳನ್ನೆಲ್ಲ ಓದುತ್ತಿದ್ದವಳು ಅದನ್ನು ಓದಲಿಲ್ಲ, ನಾವ್ಯಾರೂ ಓದಲಿಲ್ಲ. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಇರಲಿ, ನನ್ನ ವಿಷಯಕ್ಕೆ ಬರುತ್ತೇನೆ. ನನಗೆ ಮದುವೆಯ ಮಾತು ಶುರುವಾದಾಗ ಮೊದಲು ಬಂದ ಗಂಡು ಎಚ್.ಡಿ.ಕೋಟೆ ಕಡೆಯವನು, ಬೀಚನಹಳ್ಳಿಯ ಹತ್ತಿರ ಜಮೀನಿದ್ದವನು. ಅವನ ಎಕ್ಕಡ ಒಂದು ಮಗುಚಿ ಬಿದ್ದಿತ್ತು. ಅಲ್ಲಿಗೆ ಮುಗಿಯಿತು. ಅವನು ಬೇರೆ ಕಡೆ ಮದುವೆಯಾಗಿ, ಹೆಂಡತಿಯನ್ನು ಕೇಳದೆ ಕೆಮ್ಮುವುದೂ ಇಲ್ಲ ಎಂಬಷ್ಟು ಸಾಧು ಎಂದು ಹೆಸರಾದ. ಅಪ್ಪ ಇದನ್ನು ಹೇಳಿ ಅಜ್ಜಿಯನ್ನು ಕೆಣಕಿದರೆ ಅವಳು, “ಮೆಟ್ಟು ಸುಳ್ಳೇಳಾಕಿಲ್ಲ ಕಣ್ಲಾ. ಆ ಮನೇಲಿ ಜಗಳ ಅದೆ. ಆಡಾಳು ಎಂಡ್ರು, ಅಷ್ಟೇಯ,” ಎಂದಳು. ಇಂಥವಳ ಜೊತೆ ವಾದ ಮಾಡಿ ಗೆದ್ದವರುಂಟೇ? ಅಪ್ಪ ಅಮಲ್ದಾರರಿಗಾದರೂ ಎದುರಾಡಿಯಾರು, ಅಜ್ಜಿಗೆ ಆಡಲಾರರು. ಅವಳು ಬೇಡವೆಂದರೆ ಬೇಡ.

ಎರಡನೆಯ ಗಂಡನ್ನು ತಂದವನು ಪಿರಿಯಾಪಟ್ಟಣದಲ್ಲಿದ್ದ ನನ್ನ ಸೋದರಮಾವ. ಹುಡುಗ ಅಲ್ಲಿಯ ಸ್ಕೂಲಿನಲ್ಲಿ ಮೇಷ್ಟರು, ಊರು ಕೆ.ಆರ್.ನಗರದ ಆಚೆ. ಮಾವ ಇವನ ಸಂಗತಿ ಹೇಳುವಾಗ ಒಂದು ಮಾತು ಆಡಿದ. ಮಿಕ್ಕ ಗಂಡುಗಳೆಲ್ಲ ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳಿದರೆ ಇವನು ಹುಡುಗಿ ಮುಂದೆ ಓದುತ್ತಾಳೆಯೇ ಎಂದು ಕೇಳಿದನಂತೆ. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿ, ಹೈಸ್ಕೂಲು ಹುಣಸೂರಿನಲ್ಲಿದೆ ಎಂಬ ಒಂದೇ ತಪ್ಪಿಗೆ ಮನೆಯಲ್ಲಿ ರಾಗಿ ಕೇರುತ್ತ ಕೂತಿದ್ದವಳು. ಹಳೆಯ ಪುಸ್ತಕಗಳನ್ನು ಯಾರಾದರೂ ಒಲೆಗೆ ಹಾಕಿಯಾರೆಂದು ರಾಗಿಯ ವಾಡೆಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಆ ಮಾತು ಕೇಳಿದ ದಿನ ಮೊರದಲ್ಲಿದ್ದ ರಾಗಿ ಅರ್ಧ ಕೋಳಿಗಳ ಪಾಲಾಯಿತು.

ಅಷ್ಟೇ ಅಲ್ಲ, ನಾನು ಅವನನ್ನು ನೋಡಿಯೂ ಬಿಟ್ಟಿದ್ದೆ. ಬಟ್ಟೆ ತರಲು ಅಪ್ಪನ ಜೊತೆ ಹುಣಸೂರಿಗೆ ಹೋಗಿದ್ದಾಗ ಮೋಟಾರು ನಿಲ್ಲುವ ಕಡೆ ಮಾವ ಸಿಕ್ಕಿ, ಅಗೋ ಆ ಹೋಟೆಲಿನ ಮುಂದೆ ನಿಂತಿದ್ದಾನಲ್ಲ, ಅವನೇ ಎಂದು ಗುಟ್ಟಾಗಿ ತೋರಿಸಿದ್ದ. ಅವನು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತರದಿಂದ ಸುರಿಯುವ ಗತ್ತು ಮಾಡಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ಚೆಲ್ಲಿಕೊಂಡು ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ. ಯಾರೂ ನೋಡಿಲ್ಲವೆಂದು ನಿಶ್ಚಯಿಸಿಕೊಂಡು ತನ್ನಷ್ಟಕ್ಕೆ ತಾನೇ ನಕ್ಕ. ನಾನು ನೋಡಿದ್ದೆ. ಊರಿಗೆ ಬರುವವರೆಗೂ ಗಾಡಿಯಲ್ಲಿ ನನಗೆ ಒಂದೇ ನಗು. ಅಪ್ಪ ಬಿಸಿಲು ತಲೆಗೇರಿತೇ ಎಂದು ಕೇಳಿದರು. ಏನೋ ಏರಿತ್ತು, ಬಿಸಿಲಂತೂ ಅಲ್ಲ.

ಹೆಣ್ಣು ನೋಡಲು ಬರುವ ದಿನ ಬಂತು. ಅಬ್ಬ, ಆ ದಿನ! ಬೆಳಗಿನಿಂದ ಅಂಗಳಕ್ಕೆ ಸಗಣಿ ಸಾರಿಸಿ, ಜಗಲಿಗೆ ಕೆಮ್ಮಣ್ಣು ಬಳಿದು, ನೀರಿನ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಮೆಟ್ಟಿಲ ಪಕ್ಕ ಇಟ್ಟಾಯಿತು. ಅವ್ವ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ಸಿಹಿ ಸಜ್ಜಿಗೆಗೆ ರವೆ ಹುರಿಯುತ್ತಿದ್ದಳು. ತುಪ್ಪದಲ್ಲಿ ರವೆ ಹುರಿಯುವ ಆ ಘಮಲು ಇವತ್ತಿಗೂ ಮೂಗಿಗೆ ಬಿದ್ದರೆ ನನಗೆ ಹಸಿವಾಗುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ನಾನು ಅಡುಗೆಮನೆಯಲ್ಲಿ ಅವ್ವನ ಧಾರೆ ಸೀರೆ ಉಟ್ಟು, ಬೆವರಿ, ನಿಂತಲ್ಲೇ ಕುಣಿಯುತ್ತಿದ್ದೆ. ದೇವರಲ್ಲಿ ನನ್ನ ಬೇಡಿಕೆ ಒಂದೇ. ಆ ಪುಣ್ಯಾತ್ಮನ ಎಕ್ಕಡ ಮಗುಚದಿರಲಿ.

ಹೊರಗೆ ಕಿರ್ರು ಕಿರ್ರು ಕೇಳಿಸಿತು. ಶರಣು ಶರಣು ಎಂಬ ಉಪಚಾರ, ನೀರಿನ ಸದ್ದು, ಚಾಪೆ ಹಾಸಿದ ಸದ್ದು. ಬಂದವರು ಹುಡುಗ, ಅವರಪ್ಪ, ಅವರ ಭಾವ, ಜೊತೆಗೆ ನನ್ನ ಸೋದರಮಾವ. ಎಲ್ಲರೂ ಒಳಗೆ ಕೂತರು. ಆಮೇಲೆ ಅಜ್ಜಿ ಕಂಬದಿಂದ ಎದ್ದು ಅಡುಗೆಮನೆಗೆ ಬಂದಳು. ಅವಳ ಮುಖ ಗಂಟಿಕ್ಕಿತ್ತು.

“ಸಜ್ಜಿಗೆ ಬುಡವ್ವ. ಇದು ಆಗೋ ಕೆಲಸ ಅಲ್ಲ. ಒಂದಲ್ಲ, ಅಷ್ಟೂ ಎಕ್ಕಡವ ಬೀದಿಗೆ ಮೂತಿ ತಿರುಗಿಸಿ ಮಡಗವ್ರೆ.”

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ಪಾಪ ಅವಳು ಎರಡು ಮನಸ್ಸಿನಿಂದ ಬಾಣಲೆಯನ್ನು ಇಳಿಸಿ, ಉಪ್ಪಿಟ್ಟನ್ನು ಮಾತ್ರ ತಟ್ಟೆಗೆ ಹಾಕತೊಡಗಿದಳು. ಅಜ್ಜಿ ತೀರ್ಪು ಕೊಟ್ಟು ಹೊರಟೇಹೋದಳು. ನಾನು ಹಿತ್ತಿಲ ಕಡೆಯಿಂದ ಬಳಸಿ ಓಡಿ ಗೋಡೆಯ ಮರೆಯಿಂದ ನೋಡಿದೆ. ಹೌದು. ನಾಲ್ಕು ಜೊತೆಯೂ ಸಾಲಾಗಿ, ಒಂದಕ್ಕೊಂದು ಅಂಟಿಕೊಂಡು, ಈಗಲೇ ಹೊರಟೆವು ಎಂಬಂತೆ ಬೀದಿಯನ್ನು ನೋಡುತ್ತಿವೆ! ನನ್ನ ಮಾವನ ಎಕ್ಕಡವೂ ಅವುಗಳ ಜೊತೆ ಸೇರಿಬಿಟ್ಟಿದೆ. ಸಿಟ್ಟು ಬಂತು, ಅಳುವೂ ಬಂತು. ನನ್ನನ್ನು ನೋಡುವ ಮೊದಲೇ ಹೊರಡುವ ಯೋಚನೆಯಿದ್ದರೆ ಬಂದದ್ದಾದರೂ ಯಾಕೆ? ಓದುತ್ತಾಳೆಯೇ ಎಂದು ಕೇಳಿದ್ದಾದರೂ ಯಾಕೆ?

ತಟ್ಟೆ ಹಿಡಿದು ನಡುಮನೆಗೆ ಬಂದು ಎಲ್ಲರಿಗೂ ಕೊಟ್ಟು ಚಾಪೆಯ ಅಂಚಿನಲ್ಲಿ ಕೂತೆ. ಅವರ ಭಾವ ಹೆಸರು ಕೇಳಿದರು, ಹಾಡು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಇದು ನಿಜ, ಊರಿಗೇ ಗೊತ್ತಿತ್ತು. ಅಜ್ಜಿ ಬಾಗಿಲ ಬಳಿ ಬತ್ತಿ ಹೊಸೆಯುತ್ತ ಇವರು ಯಾವಾಗ ಏಳುತ್ತಾರೆ ಎಂದು ಕಾಯುತ್ತಿದ್ದಳು. ಆಗ ಹುಡುಗ, ಅದುವರೆಗೆ ತಲೆ ತಗ್ಗಿಸಿ ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕುತ್ತಿದ್ದವನು, ಮೆಲ್ಲಗೆ, “ನೀವೂ ಏನಾದ್ರೂ ಕೇಳೋದಿದ್ರೆ ಕೇಳಿ,” ಎಂದ.

ನೀವು! ನನ್ನನ್ನು ಅದುವರೆಗೆ ಯಾರೂ ನೀವು ಎಂದಿರಲಿಲ್ಲ. ಇಂಥ ಮಾತಿಗೆ ಹುಡುಗಿ ತಲೆ ತಗ್ಗಿಸಿ ಇಲ್ಲವೆನ್ನಬೇಕು, ಎಲ್ಲರೂ ನಕ್ಕು ಏಳಬೇಕು, ಅದು ಆಗಿನ ಪದ್ಧತಿ. ನನ್ನ ಬಾಯಿಗೆ ಪದ್ಧತಿ ನೆನಪಾಗಲಿಲ್ಲ.

“ಎಕ್ಕಡಾನ ಯಾಕೆ ಬೀದಿ ಕಡೆಗೆ ತಿರುಗಿಸಿಟ್ರಿ? ಬಂದಾಗ್ಲೇ ಹೋಗೋ ಮನಸ್ಸಿತ್ತಾ?”

ಅಪ್ಪ ಕೆಮ್ಮಿದರು. ಮಾವ ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೊದಲ ಸಲ ನೋಡುವವನಂತೆ ನೋಡಿದ. ಒಳಗೆ ಅವ್ವ ಏನನ್ನೋ ಕೆಳಗೆ ಬೀಳಿಸಿದಳು. ಹುಡುಗನ ಮುಖ ಕೆಂಪಗಾಯಿತು. ಬಾಯಿ ತೆರೆದ, ಪಕ್ಕದಲ್ಲಿದ್ದ ತಂದೆಯ ಕಡೆ ಒಮ್ಮೆ ನೋಡಿದ, ಮುಚ್ಚಿದ. ಅದುವರೆಗೆ ಒಂದು ಕಾಲನ್ನು ಉದ್ದಕ್ಕೆ ಚಾಚಿ ಅದರ ಮೇಲೆ ಶಲ್ಯ ಹೊದಿಸಿಕೊಂಡು ಕೂತಿದ್ದ ಆ ಹಿರಿಯರು ಶಲ್ಯವನ್ನು ಪಕ್ಕಕ್ಕೆ ಸರಿಸಿದರು. ಮಂಡಿ ಊದಿಕೊಂಡಿತ್ತು.

“ಅವನ್ನ ಕೇಳ್ಬೇಡ ಕಣವ್ವ, ಏಳಾಕಿಲ್ಲ ಅವ್ನು. ಮರದಿಂದ ಬಿದ್ದಾಗ್ನಿಂದ ನಂಗೆ ಈ ಮಂಡಿ ತಿರುಗಾಕಿಲ್ಲ. ಮೆಟ್ಲು ಇಳ್ದು ಇಂದಕ್ಕೆ ತಿರುಗಿ ಮೆಟ್ಕಳಾಕೆ ಓದ್ರೆ ಬಿದ್ಬುಡ್ತೀನಿ. ಅದ್ಕೇ ನಂದ ದಿನಾ ಇವ್ನು ತಿರುಗಿಸಿ ಮಡಗ್ತಾನೆ, ಇಳೀತಿದ್ದಂಗೇ ಕಾಲು ತೂರ್ಸಾಕಾಗ್ಲಿ ಅಂತ.”

ಬಾಗಿಲ ಬಳಿಯಿಂದ ಅಜ್ಜಿಯ ದನಿ ಬಂತು. ಅವಳು ಅರ್ಧ ಸಾಕ್ಷಿಗೆ ಕೇಸು ಬಿಡುವವಳಲ್ಲ.

“ಸರಿ ಕಣಪ್ಪ. ಅದು ನಿಮ್ದಾಯ್ತು. ಮಿಕ್ಕೋರ್ದ್ಯಾಕೆ?”

ಈಗ ಹುಡುಗನೇ ಹೇಳಬೇಕಾಯಿತು. ತಲೆ ಎತ್ತದೆ ಹೇಳಿದ. “ಅಪ್ಪಂದೊಂದೇ ತಿರುಗಿಸಿಟ್ರೆ ಎದ್ದು ಕಾಣುತ್ತೆ, ಅಜ್ಜಿ.”

ಅವರಪ್ಪ ಮಗನ ಕಡೆ ತಿರುಗಿ ನೋಡಿದರು. ಆ ನೋಟದಿಂದಲೇ ತಿಳಿಯಿತು, ಎಲ್ಲರದನ್ನೂ ತಿರುಗಿಸಿದ್ದು ಅವರಿಗೂ ಗೊತ್ತಿರಲಿಲ್ಲ. ನನಗೆ ಕುಣಿಯಬೇಕೆನ್ನಿಸಿತು, ಅಳಬೇಕೆನ್ನಿಸಿತು, ಮಾಡಲು ಏನೂ ತೋಚದೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತೆ. ಅಜ್ಜಿ ಹೊಸೆದ ಬತ್ತಿಗಳನ್ನೆಲ್ಲ ಮಡಿಲಿಂದ ಕೊಡವಿಕೊಂಡು ಎದ್ದಳು. ಏನಾಗುವುದೋ ಎಂದು ಎಲ್ಲರೂ ಅವಳನ್ನೇ ನೋಡುತ್ತಿದ್ದರೆ, ಅವಳು ಅಡುಗೆಮನೆಯ ಕಡೆಗೆ ತಿರುಗಿ, “ಬಾಣಲೆ ಒಲೆ ಮ್ಯಾಲಿಕ್ಕವ್ವ. ತುಪ್ಪ ಒಸಿ ಜಾಸ್ತೀನೇ ಬುಡು,” ಎಂದಳು.

ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ತಾಂಬೂಲ ಬದಲಾಯಿಸಿದ್ದೆಲ್ಲ ಆಮೇಲಿನ ಮಾತು. ಅವರು ಹೊರಟಾಗ ಅಜ್ಜಿ ಮೆಟ್ಟಿಲವರೆಗೂ ಬಂದಳು, ಯಾರಿಗೂ ಮಾಡದ ಉಪಚಾರ. ಆ ಹಿರಿಯರು ಮೆಟ್ಟಿಲಿಳಿದು, ನಿಲ್ಲದೆ, ಯಾರ ಹೆಗಲನ್ನೂ ಹಿಡಿಯದೆ, ಎಕ್ಕಡಕ್ಕೆ ಕಾಲು ತೂರಿಸಿ ಹಾಗೇ ನಡೆದುಹೋದರು. ಕಿರ್ರು ಕಿರ್ರು ಬೀದಿಯ ತಿರುವಿನವರೆಗೂ ಕೇಳುತ್ತಿತ್ತು. ಅಂದಿನಿಂದ ಅಜ್ಜಿ ತನ್ನ ಶಾಸ್ತ್ರಕ್ಕೆ ಒಂದು ತಿದ್ದುಪಡಿ ಮಾಡಿಕೊಂಡಳು. ಬೀದಿಗೆ ಮೂತಿ ಮಾಡಿದ ಎಕ್ಕಡ ಕಂಡರೆ ತೀರ್ಪು ಕೊಡುವ ಮೊದಲು ಕೇಳುತ್ತಿದ್ದಳು. ಬಂದ ನೆಂಟರೆಲ್ಲ ನಿಮ್ಮ ಮನೆಯಲ್ಲಿ ಯಾರಿಗೆ ಮಂಡಿನೋವು ಎಂಬ ವಿಚಾರಣೆಗೆ ಗುರಿಯಾದರು.

ನಾನು ಪಿರಿಯಾಪಟ್ಟಣಕ್ಕೆ ಬಂದು, ವಾಡೆಯ ಹಿಂದಿನ ಪುಸ್ತಕಗಳೂ ನನ್ನ ಜೊತೆ ಬಂದು, ಮುಂದಿನ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಪಾಸು ಮಾಡಿ, ನಾನೂ ಮೇಷ್ಟರಾದೆ. ಮೇಡಂ ಎಂಬ ಮಾತು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ, ಮಕ್ಕಳು ನನ್ನನ್ನೂ ಮೇಷ್ಟ್ರೇ ಎನ್ನುತ್ತಿದ್ದರು. ನನ್ನ ಮೊದಲ ಚಪ್ಪಲಿಯನ್ನು ನಮ್ಮ ಯಜಮಾನರು, ಇವರೇ, ಕೊಡಿಸಿದರು. ಎಲ್ಲರ ಚಪ್ಪಲಿ ತಿರುಗಿಸಿಡುವ ಚಾಳಿಯನ್ನು ಇವರು ತಂದೆ ಹೋದ ಮೇಲೂ ಬಿಡಲಿಲ್ಲ. ಎಷ್ಟೋ ನೆಂಟರು ನಮ್ಮನ್ನು ಎಬ್ಬಿಸಿ ಕಳಿಸುತ್ತಿದ್ದಾರೆ ಎಂದುಕೊಂಡು ಕಾಫಿಗೂ ನಿಲ್ಲದೆ ಹೊರಟಿದ್ದಾರೆ. ನಾನು ಬೀದಿಯವರೆಗೂ ಓಡಿ ಕರೆದುಕೊಂಡು ಬಂದಿದ್ದೇನೆ. ಕೊನೆಯ ದಿನಗಳಲ್ಲಿ, ಹುಣಸೂರಿನ ಈ ಮನೆಯಲ್ಲಿ, ಇವರು ಊರುಗೋಲಿನ ತುದಿಯಿಂದ ಒಂದೊಂದೇ ಚಪ್ಪಲಿಯನ್ನು ತಿರುಗಿಸುತ್ತಿದ್ದರು. ಆಗಿನ್ನೂ ಹೊಸ ಸೊಸೆಯಾಗಿದ್ದ ನಿರ್ಮಲ ಬಾಗಿಲಲ್ಲಿ ನಿಂತು ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಇವರು ಹೋದ ಮೇಲೆ ಚಪ್ಪಲಿಗಳು ತಮಗೆ ತೋಚಿದ ಕಡೆ ನೋಡತೊಡಗಿದವು.

ಇಷ್ಟು ಹೇಳುವಷ್ಟರಲ್ಲಿ ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ. ಅಜ್ಜಿಯ ಕಣ್ಣಿನಿಂದ ಓದುತ್ತ ಕೂರುವ ಬದಲು, ಅಂದು ಮಾಡಿದ್ದನ್ನೇ ಇಂದೂ ಮಾಡುವುದು ಸರಿ ಅನ್ನಿಸಿತು. ನಿರ್ಮಲ ಬಾಗಿಲಿಗೆ ನೀರು ಹಾಕಲು ಬಂದಳು. ಕೇಳಿಯೇಬಿಟ್ಟೆ.

“ನನ್ನ ಚಪ್ಪಲಿ ಯಾಕಮ್ಮ ಬೀದಿ ಕಡೆಗೆ ತಿರುಗಿಸಿದ್ದೀಯ?”

ಅವಳು ಬಕೆಟ್ಟು ಕೆಳಗಿಟ್ಟಳು. “ನಿಮ್ದೊಂದೇ ಎಲ್ಲಿ ತಿರುಗಿಸಿದ್ದೀನಿ ಅತ್ತೆ? ಸರಿಯಾಗಿ ನೋಡಿ.”

ನೋಡಿದೆ. ಕೋಪದಲ್ಲಿದ್ದಾಗ ನನಗೆ ನನ್ನದು ಮಾತ್ರ ಕಂಡಿತ್ತು. ಗೋಡೆಯ ಉದ್ದಕ್ಕೂ ಮಗನ ಬೂಟು, ನಿರ್ಮಲಳ ಚಪ್ಪಲಿ, ಮೊಮ್ಮಗನ ಕೆಸರು ಮೆತ್ತಿದ ಸ್ಕೂಲು ಶೂ, ಎಲ್ಲವೂ ಸಾಲಾಗಿ, ಒಂದಕ್ಕೊಂದು ಅಂಟಿಕೊಂಡು ಬೀದಿಯನ್ನು ನೋಡುತ್ತಿವೆ. ಹೊಸ ಸ್ಟ್ಯಾಂಡು ಖಾಲಿ. ಅದರ ಮೇಲೆ ಹಳೆಯ ಪೇಪರುಗಳನ್ನು ಪೇರಿಸಿದ್ದಾಳೆ.

ಅವಳು ಬಕೆಟ್ಟನ್ನು ಮತ್ತೆ ಎತ್ತಿಕೊಳ್ಳುತ್ತ, ನನ್ನ ಮುಖ ನೋಡದೆ, “ಮಂಡಿ ಯಾವಾಗಿಂದ ನೋಯ್ತಿದೆ?” ಎಂದು ಕೇಳಿದಳು. ಯುಗಾದಿಯಿಂದ ಎಂದೆ. ಅವಳು ಆಸ್ಪತ್ರೆಯ ಮಾತೆತ್ತಲಿಲ್ಲ. ಕಾಫಿ ಆಗಿದೆ ಎಂದಷ್ಟೇ ಹೇಳಿ ನೀರು ಚಿಮುಕಿಸತೊಡಗಿದಳು.

ಎದ್ದು ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ತೂರಿಸಿದೆ. ಬಗ್ಗಲಿಲ್ಲ, ತಿರುಗಲಿಲ್ಲ, ಗೋಡೆ ಹಿಡಿಯಲಿಲ್ಲ. ಆಹಾ, ಎಷ್ಟು ಸಲೀಸು! ಹೋಗಬೇಕಾದ ಕೆಲಸವೇನೂ ಇರಲಿಲ್ಲ. ಆ ಸುಖಕ್ಕೆಂದೇ ಬೀದಿಯ ತಿರುವಿನವರೆಗೆ ನಡೆದು ವಾಪಸು ಬಂದೆ. ಹೊಸ್ತಿಲಾಚೆ ಚಪ್ಪಲಿಯನ್ನು ಯಾವಾಗಲೂ ಬಿಡುವ ಹಾಗೆಯೇ, ಬಾಗಿಲ ಕಡೆಗೆ ಮೂತಿ ಮಾಡಿ ಬಿಟ್ಟು ಒಳಗೆ ಬಂದೆ. ತಿರುಗಿಸುವವಳು ತಿರುಗಿಸಲಿ. ನಾನು ಇರುವುದಕ್ಕೆ ಬಂದವಳು.